ಲೆಕ್ಕ ತೀರಿಸಿದ ದಾರಿಗಳ್ಳ
ಖುರಾಸಾನದ ಮರುಭೂಮಿಯಿಂದ ಕಲಬುರಗಿಯ ಗುರುಪರಂಪರೆಯವರೆಗೆ ಫುಜೈಲ್ ಬಿನ್ ಇಯಾಜ್‌ನ ಬದುಕು

ಕಲಬುರಗಿಯ ಖ್ವಾಜಾ ಬಂದೇನವಾಜ್ ಗೇಸುದರಾಜರ ದರ್ಗಾಕ್ಕೆ ಉರುಸಿನ ಕಾಲದಲ್ಲಿ ನಾಡಿನ ಮೂಲೆ ಮೂಲೆಗಳಿಂದ ಭಕ್ತರು ಬರುತ್ತಾರೆ. ಇಲ್ಲಿ ಹಿಂದೂ ಮುಸ್ಲಿಮರೆಂಬ ಭೇದವಿಲ್ಲ. ಬಂದೇನವಾಜರು ಚಿಶ್ತಿ ಪಂಥಕ್ಕೆ ಸೇರಿದವರು. ಆ ಪಂಥಕ್ಕೆ ತನ್ನದೇ ಆದ ಗುರುಪರಂಪರೆಯ ಸರಪಳಿಯಿದೆ. ಗೇಸುದರಾಜರ ಗುರು ದೆಹಲಿಯ ನಸೀರುದ್ದೀನ್ ಚಿರಾಗ್, ಅವರ ಗುರು ನಿಜಾಮುದ್ದೀನ್ ಔಲಿಯಾ, ಅವರಿಗಿಂತ ಹಿಂದೆ ಬಾಬಾ ಫರೀದ್, ಕುತ್ಬುದ್ದೀನ್ ಬಖ್ತಿಯಾರ್, ಅಜ್ಮೀರದ ಮುಈನುದ್ದೀನ್ ಚಿಶ್ತಿ. ಹೀಗೆ ಮೇಲೇರುತ್ತ ಹೋದರೆ ಪಟ್ಟಿಯು ಅರಬ್ ನಾಡನ್ನು ತಲುಪಿ ಪ್ರವಾದಿ ಮುಹಮ್ಮದರಲ್ಲಿ ಕೊನೆಗೊಳ್ಳುತ್ತದೆ. ಪ್ರವಾದಿಯವರಿಂದ ಎಣಿಸುತ್ತ ಬಂದರೆ ಐದನೆಯ ಹೆಸರು ಫುಜೈಲ್ ಬಿನ್ ಇಯಾಜ್.

ಈ ಐದನೆಯ ಗುರು ತನ್ನ ಯೌವನದಲ್ಲಿ ದಾರಿಗಳ್ಳನಾಗಿದ್ದ. ಸಂತರ ಚರಿತ್ರೆಗಳನ್ನು ಬರೆದವರು ಈ ಸಂಗತಿಯನ್ನು ಮುಚ್ಚಿಡಲಿಲ್ಲ. ಬದಲಾಗಿ ಅವನ ಕಥೆಯನ್ನು ಅಲ್ಲಿಂದಲೇ ಆರಂಭಿಸಿದರು. ವಾಲ್ಮೀಕಿಯ ಕಥೆಯನ್ನು ಕೇಳಿ ಬೆಳೆದ, ಕನ್ನ ಹಾಕುವ ವೃತ್ತಿಯಿಂದ ಬಂದ ಕನ್ನದ ಮಾರಿತಂದೆಯನ್ನು ಶರಣರ ಸಾಲಿನಲ್ಲಿ ಕೂರಿಸಿ ಗೌರವಿಸಿದ ಕನ್ನಡಿಗರಿಗೆ ಇದು ತೀರ ಅಪರಿಚಿತ ಜಾಡಲ್ಲ. ಆದರೆ ಫುಜೈಲನ ಕಥೆಯಲ್ಲಿ ಮನಃಪರಿವರ್ತನೆಯಷ್ಟೇ ಮುಖ್ಯವಾದ ಇನ್ನೊಂದು ಅಂಶವಿದೆ. ಕದ್ದದ್ದನ್ನು ಹಿಂದಿರುಗಿಸುವ ಪ್ರಶ್ನೆಯೇ ಅದು.

ಸಾರ್ಥಗಳ ಹಾದಿ

ಫುಜೈಲನ ಹುಟ್ಟು ಕ್ರಿ.ಶ. 8ನೆಯ ಶತಮಾನದ ಮೊದಲ ಭಾಗದಲ್ಲಿ. ಅರಬರ ತಮೀಮ್ ಬುಡಕಟ್ಟಿಗೆ ಸೇರಿದ ಮನೆತನ. ಸಮರ್ಕಂದದಲ್ಲಿ ಹುಟ್ಟಿ ಅಬೀವರ್ದಿನಲ್ಲಿ ಬೆಳೆದನೆಂದು ಹಳೆಯ ಚರಿತ್ರಕಾರರು ಬರೆಯುತ್ತಾರೆ. ಅಬೀವರ್ದಿನ ಅವಶೇಷಗಳು ಇಂದು ತುರ್ಕಮೆನಿಸ್ತಾನದಲ್ಲಿವೆ. ಅಂದು ಅದು ಖುರಾಸಾನವೆಂಬ ವಿಶಾಲ ಪ್ರಾಂತ್ಯದ ಒಂದು ಪಟ್ಟಣ. ಸಮೀಪದ ಮರ್ವ್ ನಗರ ಆ ಪ್ರಾಂತ್ಯದ ಹೃದಯ. ಚೀನಾದ ರೇಷ್ಮೆ, ಸಮರ್ಕಂದದ ಕಾಗದ, ಮಧ್ಯ ಏಷ್ಯಾದ ತುಪ್ಪಳು, ಗುಲಾಮರು, ಬೆಳ್ಳಿ ಎಲ್ಲವೂ ಒಂಟೆಗಳ ಬೆನ್ನೇರಿ ಮರ್ವ್, ಸರಖ್ಸ್, ನಿಶಾಪುರಗಳ ಮೂಲಕ ಪಶ್ಚಿಮಕ್ಕೆ ಸಾಗುತ್ತಿದ್ದವು.

ಆ ಕಾಲ ಶಾಂತಿಯ ಕಾಲವಾಗಿರಲಿಲ್ಲ. ಫುಜೈಲನ ಯೌವನದ ದಿನಗಳಲ್ಲಿಯೇ, ಕ್ರಿ.ಶ. 747ರಲ್ಲಿ, ಮರ್ವ್ ಪ್ರದೇಶದಲ್ಲಿ ಅಬೂ ಮುಸ್ಲಿಮನು ಕಪ್ಪು ಬಾವುಟ ಹಾರಿಸಿ ಉಮಯ್ಯಾ ವಂಶದ ವಿರುದ್ಧ ದಂಗೆಯೆದ್ದ. ಮೂರು ವರ್ಷಗಳಲ್ಲಿ ಆ ವಂಶ ಉರುಳಿ ಅಬ್ಬಾಸಿ ಖಲೀಫರ ಆಳ್ವಿಕೆ ಆರಂಭವಾಯಿತು. ರಾಜ್ಯ ಕೈ ಬದಲಾಗುವ ಇಂಥ ಹೊತ್ತಿನಲ್ಲಿ ಹಾದಿಬೀದಿಗಳಿಗೆ ದಿಕ್ಕುದೆಸೆ ಇರುವುದಿಲ್ಲ. ಅಬೀವರ್ದಿನಿಂದ ಸರಖ್ಸಿನತ್ತ ಹೋಗುವ ಮರಳುಗಾಡಿನ ದಾರಿ ಕಳ್ಳರ ಪಾಲಾಯಿತು. ಆ ಕಳ್ಳರ ನಾಯಕನಾಗಿ ಹೆಸರು ಮಾಡಿದವನು ಫುಜೈಲ್. ಅವನ ಹೆಸರು ಕೇಳಿದರೆ ಸಾರ್ಥಗಳು ರಾತ್ರಿಯ ಪ್ರಯಾಣವನ್ನೇ ನಿಲ್ಲಿಸುತ್ತಿದ್ದವು.

ವ್ಯಾಪಾರದ ದಾರಿಯ ಅಂಜಿಕೆ ಎಂಥದೆಂಬುದನ್ನು ಉತ್ತರ ಕರ್ನಾಟಕದ ಪೇಟೆಗಳೂ ಬಲ್ಲವು. ಗೋವೆಗೂ ಬಿಜಾಪುರಕ್ಕೂ ನಡುವಿನ ರಾಯಬಾಗ ಆದಿಲಶಾಹಿ ಕಾಲದಲ್ಲಿ ಹೆಸರಾದ ವ್ಯಾಪಾರದ ಊರು. 17ನೆಯ ಶತಮಾನದ ಯುರೋಪಿಯನ್ ವರ್ತಕರು ಅದನ್ನು ಮೆಣಸಿನ ಪೇಟೆಯೆಂದು ಗುರುತಿಸಿದ್ದರು. ಎತ್ತಿನ ಹೇರಾಗಲಿ, ಒಂಟೆಯ ಹೇರಾಗಲಿ, ಅದರ ಒಡೆಯನ ಎದೆಬಡಿತ ಒಂದೇ. ಒಂದು ರಾತ್ರಿಯ ದರೋಡೆಯಿಂದ ಮನೆತನವೊಂದರ ಬಂಡವಾಳವೇ ಕರಗಿಹೋಗುತ್ತಿತ್ತು.

ಲೆಕ್ಕ ಇಟ್ಟ ಕಳ್ಳ

ಫುಜೈಲನ ಕಳ್ಳತನದ ದಿನಗಳ ಚಿತ್ರವನ್ನು ವಿವರವಾಗಿ ಕೊಟ್ಟವನು ನಿಶಾಪುರದ ಕವಿ ಫರೀದುದ್ದೀನ್ ಅತ್ತಾರ್. ಫುಜೈಲ್ ತೀರಿಕೊಂಡು ಸುಮಾರು ನಾಲ್ಕು ಶತಮಾನಗಳ ನಂತರ ಅವನು ಬರೆದ ಸಂತರ ಚರಿತ್ರೆ ತಜ್ಕಿರತುಲ್ ಔಲಿಯಾದಲ್ಲಿ ಈ ಕಥೆಗಳು ಸೇರಿವೆ. ಇವನ್ನು ಇತಿಹಾಸವೆಂದು ಓದುವುದಕ್ಕಿಂತ ಒಂದು ಸಮಾಜ ತನ್ನ ಸಂತನನ್ನು ನೆನಪಿಟ್ಟುಕೊಂಡ ರೀತಿಯೆಂದು ಓದುವುದು ಲೇಸು.

ಆ ಕಥೆಯ ಪ್ರಕಾರ ಫುಜೈಲ್ ಮರುಭೂಮಿಯ ನಡುವೆ ಡೇರೆ ಹಾಕಿಕೊಂಡು, ಗೋಣಿಯಂಥ ಒರಟು ಬಟ್ಟೆ ತೊಟ್ಟು, ತಲೆಗೆ ಉಣ್ಣೆಯ ಟೋಪಿ ಧರಿಸಿ, ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಕೂತಿರುತ್ತಿದ್ದ. ನೋಡಿದವರಿಗೆ ತಪಸ್ವಿ, ಒಳಗೆ ಕಳ್ಳರ ಒಡೆಯ. ಸಹಚರರು ಲೂಟಿ ಮಾಡಿದ ಸರಕೆಲ್ಲ ಅವನ ಮುಂದೆ ಬಂದು ಬೀಳುತ್ತಿತ್ತು. ಹಂಚಿಕೆ ಅವನದೇ. ಪ್ರಾರ್ಥನೆಯ ವೇಳೆ ತಪ್ಪಿಸಿದ ಸಹಚರನಿಗೆ ಗುಂಪಿನಲ್ಲಿ ಜಾಗವಿರಲಿಲ್ಲ. ಹೆಂಗಸರಿದ್ದ ಸಾರ್ಥದ ಹತ್ತಿರ ಅವನು ಸುಳಿಯುತ್ತಿರಲಿಲ್ಲ. ಕಡಿಮೆ ಬಂಡವಾಳದವನ ಗಂಟನ್ನು ಮುಟ್ಟುತ್ತಿರಲಿಲ್ಲ. ಸುಲಿಗೆಗೊಳಗಾದವನಿಗೂ ಒಂದಿಷ್ಟು ಉಳಿಸಿ ಕಳುಹಿಸುತ್ತಿದ್ದ.

ಇಂಥ ಧರ್ಮಿಷ್ಠ ಕಳ್ಳರ ಕಥೆಗಳು ಎಲ್ಲ ನಾಡುಗಳಲ್ಲೂ ಇವೆ. ಅಥಣಿಯ ಗಡಿಯಾಚೆಯ ಜತ್ತ ಸೀಮೆಯ ಸಿಂಧೂರ ಲಕ್ಷ್ಮಣನ ಹೆಸರನ್ನು ಉತ್ತರ ಕರ್ನಾಟಕದ ನಾಟಕ ಕಂಪನಿಗಳು ಉಳಿಸಿಕೊಂಡು ಬಂದದ್ದೂ ಇದೇ ಕಾರಣಕ್ಕೆ. ಆದರೆ ಫುಜೈಲನ ಕಥೆಯಲ್ಲಿ ಬೇರೆಡೆ ಕಾಣದ ಒಂದು ವಿವರವಿದೆ. ಯಾರಿಂದ ಏನನ್ನು ಕಸಿದುಕೊಂಡೆನೆಂಬುದರ ಪಟ್ಟಿಯನ್ನು ಅವನು ಇಟ್ಟುಕೊಂಡಿದ್ದನಂತೆ. ಕದಿಯುತ್ತಿದ್ದ ದಿನಗಳಲ್ಲಿಯೇ ಆ ಲೆಕ್ಕ ಏಕೆ ಬೇಕಾಗಿತ್ತೋ ಕಥೆ ಹೇಳುವುದಿಲ್ಲ. ಮುಂದೆ ಅದೇ ಪಟ್ಟಿ ಅವನನ್ನು ಹಿಡಿದು ಎಳೆಯಲಿತ್ತು.

ಒಮ್ಮೆ ದೊಡ್ಡ ಸಾರ್ಥವೊಂದು ಬಂದಿತು. ಕಳ್ಳರ ಸುಳಿವು ಹತ್ತಿದ ವ್ಯಾಪಾರಿಯೊಬ್ಬ ತನ್ನ ಹಣದ ಚೀಲವನ್ನಾದರೂ ಉಳಿಸಿಕೊಳ್ಳಬೇಕೆಂದು ದಾರಿ ಬಿಟ್ಟು ಒಳಗೆ ಹೋದ. ಡೇರೆಯೊಂದರಲ್ಲಿ ತಪಸ್ವಿಯೊಬ್ಬನನ್ನು ಕಂಡು ನಿಟ್ಟುಸಿರುಬಿಟ್ಟು, ಚೀಲವನ್ನು ಅವನ ವಶಕ್ಕೆ ಕೊಟ್ಟು ಮರಳಿದ. ಅಷ್ಟರಲ್ಲಿ ಸಾರ್ಥ ಲೂಟಿಯಾಗಿತ್ತು. ಚೀಲ ಕೇಳಲು ಹಿಂದಿರುಗಿದಾಗ ಆ ತಪಸ್ವಿಯ ಸುತ್ತಲೇ ಕಳ್ಳರು ಕುಳಿತು ಸರಕು ಹಂಚಿಕೊಳ್ಳುತ್ತಿದ್ದರು. ಕಳ್ಳನ ಕೈಗೇ ಕಾವಲು ಕೊಟ್ಟೆನಲ್ಲ ಎಂದು ವ್ಯಾಪಾರಿ ಮರುಗಿದ. ಫುಜೈಲ್ ಅವನನ್ನು ಕರೆದು, ಇಟ್ಟ ಜಾಗದಿಂದಲೇ ಚೀಲ ತೆಗೆದುಕೊಂಡು ಹೋಗುವಂತೆ ಹೇಳಿದ. ಸಹಚರರು ಸಿಡಿಮಿಡಿಗೊಂಡರು. ಈ ಮನುಷ್ಯ ತನ್ನನ್ನು ಒಳ್ಳೆಯವನೆಂದು ನಂಬಿದ, ತಾನೂ ದೇವರನ್ನು ಹಾಗೆಯೇ ನಂಬಿದ್ದೇನೆ, ಅವನ ನಂಬಿಕೆಯನ್ನು ತಾನು ಉಳಿಸಿದರೆ ತನ್ನ ನಂಬಿಕೆಯನ್ನು ದೇವರು ಉಳಿಸಿಯಾನು ಎಂಬುದು ಫುಜೈಲ್ ಕೊಟ್ಟ ಕಾರಣ.

ಗೋಡೆಯ ಮೇಲಿನ ರಾತ್ರಿ

ಪರಿವರ್ತನೆಯ ಗಳಿಗೆಯ ಬಗ್ಗೆ ಎರಡು ಕಥೆಗಳಿವೆ. ಅತ್ತಾರನ ಕಥೆಯಲ್ಲಿ ರಾತ್ರಿ ಹಾದುಹೋಗುತ್ತಿದ್ದ ಸಾರ್ಥದ ನಡುವಿನಿಂದ ಕುರ್‌ಆನಿನ ಪಠಣ ಫುಜೈಲನ ಕಿವಿಗೆ ಬೀಳುತ್ತದೆ. 11ನೆಯ ಶತಮಾನದ ವಿದ್ವಾಂಸ ಕುಶೈರಿ ಬರೆದ ಕಥೆ ಇನ್ನೂ ಮನುಷ್ಯಸಹಜವಾದುದು. ಫುಜೈಲ್ ಒಬ್ಬ ಹೆಣ್ಣನ್ನು ಪ್ರೀತಿಸುತ್ತಿದ್ದ. ಒಂದು ರಾತ್ರಿ ಅವಳನ್ನು ಕಾಣಲು ಗೋಡೆ ಹತ್ತುತ್ತಿದ್ದಾಗ ಯಾರೋ ಓದುತ್ತಿದ್ದ ವಾಕ್ಯ ಕೇಳಿಸಿತು. ನಂಬಿದವರ ಹೃದಯಗಳು ದೇವರ ಸ್ಮರಣೆಗೆ ಬಾಗುವ ಸಮಯ ಇನ್ನೂ ಬರಲಿಲ್ಲವೇ ಎಂದು ಕೇಳುವ 57ನೆಯ ಅಧ್ಯಾಯದ ವಾಕ್ಯ ಅದು. ಆ ಸಮಯ ಬಂದಿದೆ ಎಂದುಕೊಂಡು ಫುಜೈಲ್ ಗೋಡೆಯಿಂದ ಕೆಳಗಿಳಿದ.

ರಾತ್ರಿ ಕಳೆಯಲು ಅವನು ಪಾಳು ಕಟ್ಟಡವೊಂದನ್ನು ಹೊಕ್ಕ. ಅಲ್ಲಿ ಪ್ರಯಾಣಿಕರ ಗುಂಪೊಂದು ತಂಗಿತ್ತು. ಕೆಲವರು ಈಗಲೇ ಹೊರಡೋಣವೆಂದರು. ಬೆಳಗಾಗುವವರೆಗೆ ಬೇಡ, ದಾರಿಯಲ್ಲಿ ಫುಜೈಲನಿದ್ದಾನೆ ಎಂದು ಉಳಿದವರು ತಡೆದರು. ಕತ್ತಲಲ್ಲಿ ಕೂತು ಅವನು ತನ್ನ ಹೆಸರನ್ನು ಇತರರ ಬಾಯಲ್ಲಿ ಕೇಳಿದ. ಕಳ್ಳನಾಗಿ ಅವನು ಗಳಿಸಿದ್ದ ಖ್ಯಾತಿ ಇಷ್ಟೇ, ಮನುಷ್ಯರ ಭಯ. ಅವರೆದುರು ನಿಂತು, ತಾನು ಯಾರೆಂಬುದನ್ನು ತಿಳಿಸಿ, ಇನ್ನು ಅಂಜಬೇಕಾಗಿಲ್ಲವೆಂದು ಅಭಯ ಕೊಟ್ಟ.

ಪಶ್ಚಾತ್ತಾಪ ಸಾಕೇ?

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಇನ್ನೊಂದು ಪವಾಡದ ಕಥೆಯಾಗುತ್ತಿತ್ತು. ಆದರೆ ಮುಂದಿನ ಭಾಗವೇ ಹೆಚ್ಚು ಗಟ್ಟಿಯಾದುದು.

ಇಸ್ಲಾಮೀ ನ್ಯಾಯಶಾಸ್ತ್ರ ಸಾಮಾನ್ಯ ಕಳವನ್ನೂ ದಾರಿದರೋಡೆಯನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ದಾರಿದರೋಡೆ ಸಮಾಜದ ನೆಮ್ಮದಿಯ ಮೇಲಿನ ದಾಳಿ. ಅದಕ್ಕೆ ಮರಣದಂಡನೆಯಿಂದ ಹಿಡಿದು ಒಂದು ಕಡೆಯ ಕೈ, ಇನ್ನೊಂದು ಕಡೆಯ ಕಾಲು ಕಡಿಯುವವರೆಗೆ, ಗಡೀಪಾರಿನವರೆಗೆ ಕಠೋರ ಶಿಕ್ಷೆಗಳಿದ್ದವು. ಆದರೆ ಕುರ್‌ಆನಿನ 5ನೆಯ ಅಧ್ಯಾಯವೇ ಒಂದು ಬಾಗಿಲನ್ನು ತೆರೆದಿಟ್ಟಿತ್ತು. ಸೆರೆ ಸಿಗುವ ಮುನ್ನ ತಾನಾಗಿ ಪಶ್ಚಾತ್ತಾಪಪಟ್ಟು ಬಂದವನಿಗೆ ಆ ಶಿಕ್ಷೆಯಿಂದ ವಿನಾಯಿತಿ. ಅದರ ಜೊತೆಗೆ ನ್ಯಾಯಶಾಸ್ತ್ರಜ್ಞರು ಒಂದು ಷರತ್ತನ್ನು ಸ್ಪಷ್ಟಪಡಿಸಿದರು. ದೇವರಿಗೆ ಸಂಬಂಧಿಸಿದ ಅಪರಾಧವನ್ನು ದೇವರು ಕ್ಷಮಿಸಬಹುದು. ಮನುಷ್ಯರಿಗೆ ಸಲ್ಲಬೇಕಾದ ಋಣ ಮಾತ್ರ ಹಾಗೆಯೇ ಉಳಿಯುತ್ತದೆ. ಕಸಿದ ಹಣವನ್ನು ಒಡೆಯನಿಗೆ ಹಿಂದಿರುಗಿಸಬೇಕು, ಇಲ್ಲವೇ ಅವನ ಮನವೊಲಿಸಿ ಕ್ಷಮೆ ಪಡೆಯಬೇಕು.

ಫುಜೈಲ್ ತನ್ನ ಪಟ್ಟಿಯನ್ನು ಹಿಡಿದು ಊರೂರು ಅಲೆದನೆಂದು ಅತ್ತಾರ್ ಬರೆಯುತ್ತಾನೆ. ಒಬ್ಬೊಬ್ಬರನ್ನೇ ಹುಡುಕಿ ಮನವೊಲಿಸಿದ. ಅಬೀವರ್ದಿನ ಒಬ್ಬ ಯಹೂದಿ ಮಾತ್ರ ಜಗ್ಗಲಿಲ್ಲ. ತನ್ನ ಮನೆಯ ಬಳಿಯ ಮರಳುದಿಬ್ಬವನ್ನು ತೆಗೆದುಹಾಕಿದರೆ ಕ್ಷಮಿಸುವುದಾಗಿ ಹೇಳಿದ. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಫುಜೈಲ್ ಹಗಲಿರುಳು ಮರಳು ಹೊತ್ತ. ಒಂದು ನಸುಕಿನಲ್ಲಿ ಎದ್ದ ಗಾಳಿ ದಿಬ್ಬವನ್ನೇ ಹಾರಿಸಿಕೊಂಡು ಹೋಯಿತು. ಆಗಲೂ ಯಹೂದಿ ಬಿಡಲಿಲ್ಲ. ಹಣ ಕೈಗೆ ಬರುವವರೆಗೆ ಕ್ಷಮಿಸುವುದಿಲ್ಲವೆಂಬ ಆಣೆಯಿದೆ, ಹಾಸಿನಡಿ ಕೈಹಾಕಿ ಸಿಕ್ಕಿದ್ದನ್ನು ತೆಗೆದು ಕೊಡು ಎಂದ. ಫುಜೈಲ್ ತೆಗೆದುಕೊಟ್ಟದ್ದು ಚಿನ್ನ. ಯಹೂದಿ ಅಲ್ಲಿ ಇಟ್ಟಿದ್ದುದು ಬರಿಯ ಮಣ್ಣು. ನಿಜವಾಗಿ ಪಶ್ಚಾತ್ತಾಪಪಟ್ಟವನ ಕೈಯಲ್ಲಿ ಮಣ್ಣು ಚಿನ್ನವಾಗುತ್ತದೆಂದು ತಾನು ಓದಿದ್ದನ್ನು ಪರೀಕ್ಷಿಸಲು ಅವನು ಹೂಡಿದ ಹೂಟ ಅದು.

ಪವಾಡವನ್ನು ಬದಿಗಿಟ್ಟು ನೋಡಿದರೂ ಕಥೆಯ ಆಶಯ ಸ್ಪಷ್ಟ. ಅನ್ಯಧರ್ಮೀಯನ ಕಾಸಿಗೂ ಅಷ್ಟೇ ಬೆಲೆ. ಕ್ಷಮಿಸಲಾರೆನೆನ್ನುವ ಹಕ್ಕು ದೋಚಿಸಿಕೊಂಡವನಿಗೆ ಇದೆ. ಕಳ್ಳ ಸಂತನಾದನೆಂಬ ಸಂಭ್ರಮದಲ್ಲಿ ದೋಚಿಸಿಕೊಂಡವನನ್ನು ಮರೆಯಲು ಈ ಕಥೆ ಬಿಡುವುದಿಲ್ಲ.

ಇನ್ನೂ ಒಂದು ಋಣ ಉಳಿದಿತ್ತು. ತನ್ನನ್ನು ಕಟ್ಟಿ ಅರಸನ ಮುಂದೆ ಒಯ್ದು ಶಿಕ್ಷೆ ಕೊಡಿಸಬೇಕೆಂದು ಫುಜೈಲ್ ಕೇಳಿಕೊಂಡ. ಅರಸ ಅವನ ಮುಖ ನೋಡಿ ಶಿಕ್ಷಿಸದೆ ಗೌರವದಿಂದ ಕಳುಹಿಸಿದ. ಅಳುತ್ತ ಮನೆಗೆ ಬಂದವನನ್ನು ಕಂಡು ಹೊಡೆತ ಬಿದ್ದಿರಬೇಕೆಂದು ಮನೆಯವರು ಭಾವಿಸಿದರು. ಏಟು ಬಿದ್ದದ್ದು ಮೈಗಲ್ಲ, ಜೀವಕ್ಕೆ ಎಂಬುದು ಅವನ ಉತ್ತರವಾಗಿತ್ತು. ಮಕ್ಕಾಕ್ಕೆ ಹೊರಟ ಅವನು, ಬಯಸಿದರೆ ಬಿಡುಗಡೆ ಕೊಡುವುದಾಗಿ ಹೆಂಡತಿಗೆ ಹೇಳಿದ. ಅವಳು ಒಪ್ಪದೆ ಅವನ ಜೊತೆಗೇ ನಡೆದಳು.

ಕಳ್ಳನ ಮಾತಿಗೆ ಬಂದ ಬೆಲೆ

ಇಲ್ಲಿಂದ ಮುಂದೆ ದಂತಕಥೆಗಿಂತ ಇತಿಹಾಸದ ನೆಲ ಗಟ್ಟಿಯಾಗಿದೆ. ಫುಜೈಲ್ ಇರಾಕಿನ ಕೂಫಾ ನಗರದಲ್ಲಿ ವಿದ್ಯಾರ್ಥಿಯಾದ. ಕೂಫಾ ಆಗ ಧರ್ಮಶಾಸ್ತ್ರದ ಮಹಾಕೇಂದ್ರ. ಮನ್ಸೂರ್ ಬಿನ್ ಮುಅತಮಿರ್, ಅಅಮಶ್ ಮೊದಲಾದ ವಿದ್ವಾಂಸರಿಂದ ಅವನು ಹದೀಸುಗಳನ್ನು, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳನ್ನು ಕೇಳಿ ಕಲಿತ.

ಹದೀಸ್ ವಿದ್ಯೆಯಲ್ಲಿ ಮಾತಿನಷ್ಟೇ ಮುಖ್ಯವಾದುದು ಅದನ್ನು ದಾಟಿಸಿದವನ ಚಾರಿತ್ರ್ಯ. ಯಾರಿಂದ ಯಾರು ಕೇಳಿದರೆಂಬ ಸರಪಳಿಯಲ್ಲಿ ಒಬ್ಬ ಸುಳ್ಳುಗಾರನಿದ್ದರೂ ವರದಿ ತಿರಸ್ಕೃತ. ಈ ಪರೀಕ್ಷೆಗೆಂದೇ ಸಾವಿರಾರು ವ್ಯಕ್ತಿಗಳ ಜೀವನಚರಿತ್ರೆಗಳನ್ನು ಜಾಲಾಡುವ ಶಾಸ್ತ್ರವೊಂದು ಬೆಳೆಯಿತು. ಆ ಪರೀಕ್ಷಕರು ಒಂದು ಕಾಲದ ದಾರಿಗಳ್ಳನಾದ ಫುಜೈಲನನ್ನು ವಿಶ್ವಾಸಾರ್ಹನೆಂದು ಘೋಷಿಸಿದರು. ಸುನ್ನಿ ಜಗತ್ತು ಅತ್ಯಂತ ಪ್ರಮಾಣವೆಂದು ಭಾವಿಸುವ ಬುಖಾರಿ ಮತ್ತು ಮುಸ್ಲಿಮರ ಎರಡೂ ಸಂಗ್ರಹಗಳಲ್ಲಿ ಅವನ ಮೂಲಕ ಬಂದ ವರದಿಗಳಿವೆ. ಮರ್ವ್‌ನ ಹೆಸರಾಂತ ವಿದ್ವಾಂಸ ಅಬ್ದುಲ್ಲಾ ಬಿನ್ ಮುಬಾರಕ್ ಅವನಿಂದ ಕೇಳಿ ಕಲಿತವರಲ್ಲೊಬ್ಬ. ವ್ಯಾಪಾರಿಯೊಬ್ಬ ಹಣದ ಚೀಲವನ್ನು ನಂಬಿ ಕೊಟ್ಟ ಆ ಕೈಗಳಿಗೆ ಸಮಾಜ ಕೊನೆಗೆ ತನ್ನ ಧರ್ಮದ ಮಾತನ್ನೇ ನಂಬಿ ಒಪ್ಪಿಸಿತು.

ನಂತರ ಅವನು ಮಕ್ಕಾಕ್ಕೆ ಹೋಗಿ ಅಲ್ಲಿಯೇ ನೆಲೆಸಿದ. ನೀರು ಹೊತ್ತು ಹೊಟ್ಟೆ ಹೊರೆಯುತ್ತಿದ್ದನೆಂದು ಚರಿತ್ರೆಗಳು ಹೇಳುತ್ತವೆ. ಎರಡು ಪವಿತ್ರ ನಗರಗಳ ಆರಾಧಕನೆಂಬ ಬಿರುದು ಅವನಿಗೆ ಬಂದಿತು. ಅಳುಮೋರೆಯ, ಕಡಿಮೆ ಮಾತಿನ ಮನುಷ್ಯ. ಜನ ನೋಡಲೆಂದು ಮಾಡುವ ಭಕ್ತಿಯನ್ನು ಅವನು ಅತಿಯಾಗಿ ಖಂಡಿಸುತ್ತಿದ್ದ. ಗೋಣಿಬಟ್ಟೆ ತೊಟ್ಟು ಕಳ್ಳರ ಡೇರೆಯಲ್ಲಿ ಕೂತಿದ್ದವನಿಗೆ ವೇಷದ ಬೆಲೆ ಎಷ್ಟೆಂಬುದು ಇತರರಿಗಿಂತ ಚೆನ್ನಾಗಿ ಗೊತ್ತಿತ್ತು.

ಖಲೀಫನ ಅಂಗೈ

ಫುಜೈಲನ ಬಗೆಗಿನ ಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಖಲೀಫ ಹಾರೂನ್ ರಶೀದನ ಭೇಟಿ. ಕ್ರಿ.ಶ. 786ರಿಂದ 809ರವರೆಗೆ ಬಗ್ದಾದಿನಿಂದ ಆಳಿದ ಹಾರೂನ್ ಹಜ್ ಯಾತ್ರೆಗೆ ಬಂದಿದ್ದಾಗ ಒಂದು ರಾತ್ರಿ ಮನಸ್ಸಿಗೆ ನೆಮ್ಮದಿಯಿಲ್ಲದೆ ತನ್ನ ಅಧಿಕಾರಿ ಫಜಲ್ ಬಿನ್ ರಬೀಯನ್ನು ಕರೆದುಕೊಂಡು ಹೊರಟ. ಇಬ್ಬರು ವಿದ್ವಾಂಸರ ಬಾಗಿಲು ತಟ್ಟಿದ್ದಾಯಿತು. ಇಬ್ಬರಿಗೂ ಸಾಲವಿತ್ತು. ಖಲೀಫ ಅದನ್ನು ತೀರಿಸಲು ಆಜ್ಞೆ ಕೊಟ್ಟ. ನೆಮ್ಮದಿ ಮಾತ್ರ ಸಿಗಲಿಲ್ಲ.

ಮೂರನೆಯದು ಫುಜೈಲನ ಮನೆ. ಖಲೀಫ ಬಂದಿದ್ದಾನೆಂದರೂ ಅವನು ಸಂಭ್ರಮಿಸಲಿಲ್ಲ. ಬಾಗಿಲು ತೆರೆದು, ದೀಪ ಆರಿಸಿ, ಕೋಣೆಯ ಮೂಲೆಗೆ ಸರಿದ. ಕತ್ತಲಲ್ಲಿ ತಡಕಾಡುತ್ತ ಖಲೀಫನ ಕೈ ಅವನ ಕೈಗೆ ತಾಗಿತು. ಎಷ್ಟು ಮೃದುವಾದ ಕೈ, ನಾಳೆ ನರಕದ ಬೆಂಕಿಯಿಂದ ಪಾರಾದರೆ ಸಾಕು ಎಂದು ಫುಜೈಲ್ ಮರುಗಿದ. ಬಳಿಕ ಅವನು ಕೊಟ್ಟ ಉಪದೇಶದ ಸಾರ ಸರಳ. ಪ್ರಜೆಗಳಲ್ಲಿ ಹಿರಿಯರನ್ನು ತಂದೆಯಂತೆ, ಸಮವಯಸ್ಕರನ್ನು ಸೋದರರಂತೆ, ಕಿರಿಯರನ್ನು ಮಕ್ಕಳಂತೆ ನೋಡಬೇಕು. ಪ್ರತಿಯೊಬ್ಬ ಪ್ರಜೆಯ ಲೆಕ್ಕವನ್ನೂ ಅರಸ ಒಂದು ದಿನ ಒಪ್ಪಿಸಲೇಬೇಕು. ಖಲೀಫ ಬಿಕ್ಕಿ ಬಿಕ್ಕಿ ಅತ್ತನಂತೆ.

ಹೊರಡುವಾಗ ಸಾಲವೇನಾದರೂ ಇದೆಯೇ ಎಂದು ಹಾರೂನ್ ಇಲ್ಲಿಯೂ ಕೇಳಿದ. ದೇವರಿಗೆ ತೀರಿಸಬೇಕಾದ ಸಾಲವೊಂದೇ ಉಳಿದಿದೆ ಎಂಬ ಉತ್ತರ ಬಂತು. ಸಾವಿರ ದೀನಾರ್ ಮುಂದಿಟ್ಟಾಗ ಫುಜೈಲ್ ಮುಟ್ಟಲಿಲ್ಲ. ತಾನು ಬಿಡುಗಡೆಯ ದಾರಿ ತೋರಿಸಿದರೆ ಪ್ರತಿಯಾಗಿ ತನ್ನನ್ನೇ ಬೆಂಕಿಗೆ ತಳ್ಳುವುದೇ ಎಂದು ಆಕ್ಷೇಪಿಸಿ ಬಾಗಿಲು ಮುಚ್ಚಿದ. ಒಂದು ಕಾಲಕ್ಕೆ ವರ್ತಕರಿಂದ ಹಣ ಕಸಿಯುತ್ತಿದ್ದವನು ಲೋಕದ ಅತಿದೊಡ್ಡ ಅರಸ ತಾನಾಗಿ ಕೊಟ್ಟದ್ದನ್ನು ಬೇಡವೆಂದ. ಅರಸನ ಖಜಾನೆಯ ಹಣ ಯಾರ ಯಾರ ಗಂಟಿನಿಂದ ಬಂದದ್ದೆಂಬ ಸಂಶಯ ಅಂದಿನ ತಪಸ್ವಿಗಳನ್ನೆಲ್ಲ ಕಾಡುತ್ತಿತ್ತು.

ಮೂವತ್ತು ವರ್ಷಗಳ ನಂತರದ ನಗು

ಫುಜೈಲನಿಗೆ ಅಲಿ ಎಂಬ ಮಗನಿದ್ದ. ತಂದೆಗಿಂತಲೂ ಮೃದು ಮನಸ್ಸಿನವನು. ಕುರ್‌ಆನಿನ ಪಠಣ ಕೇಳುತ್ತಲೇ ಕುಸಿದು ಅವನು ಪ್ರಾಣಬಿಟ್ಟನೆಂದು ಚರಿತ್ರೆಗಳು ದಾಖಲಿಸುತ್ತವೆ. ಮೂವತ್ತು ವರ್ಷ ನಗದಿದ್ದ ಫುಜೈಲ್ ಆ ದಿನ ನಕ್ಕನಂತೆ. ದೇವರು ಮೆಚ್ಚಿದ್ದನ್ನು ತಾನೂ ಮೆಚ್ಚಬೇಕೆಂಬುದು ಅವನ ಸಮಾಧಾನ. ಮಗನನ್ನು ಕಳೆದುಕೊಂಡ ತಂದೆಯ ಆ ನಗುವನ್ನು ಓದುಗರು ಇಂದಿಗೂ ಹಲವು ಬಗೆಯಲ್ಲಿ ಅರ್ಥಮಾಡಿಕೊಳ್ಳುತ್ತಾರೆ.

ಹಿಜರಿ 187ರಲ್ಲಿ, ಅಂದರೆ ಕ್ರಿ.ಶ. 803ರಲ್ಲಿ, ಫುಜೈಲ್ ಮಕ್ಕಾದಲ್ಲಿ ತೀರಿಕೊಂಡ. ಆಗ ಅವನಿಗೆ ಎಂಬತ್ತರ ಆಸುಪಾಸು. ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅಬೂ ಕುಬೈಸ್ ಬೆಟ್ಟಕ್ಕೆ ಕರೆದೊಯ್ದು ದೇವರಿಗೆ ಒಪ್ಪಿಸುವಂತೆ ಹೆಂಡತಿಗೆ ಹೇಳಿದ್ದ. ಬಿಟ್ಟುಹೋಗಲು ಬೇರೆ ಆಸ್ತಿಯೇನೂ ಇರಲಿಲ್ಲ.

ಕಲಬುರಗಿಯಲ್ಲಿ ಎರಡು ನೆನಪು

ಚಿಶ್ತಿ ಪರಂಪರೆಯಲ್ಲಿ ಫುಜೈಲನ ನಂತರ ಬರುವ ಹೆಸರು ಬಲ್ಖ್‌ನ ಇಬ್ರಾಹೀಂ ಬಿನ್ ಅದಹಮ್. ಅರಸುತನ ತೊರೆದು ಫಕೀರನಾದವನೆಂದು ಅವನ ಕಥೆ. ಇತಿಹಾಸದ ಪ್ರಕಾರ ಇಬ್ರಾಹೀಂ ತೀರಿಕೊಂಡದ್ದು ಫುಜೈಲನಿಗಿಂತ ಸುಮಾರು ಎರಡು ದಶಕ ಮೊದಲು. ಗುರು ಶಿಷ್ಯರ ಈ ಕ್ರಮ ಕಾಲಗಣನೆಗಿಂತ ಭಾವನೆಗೆ ಹತ್ತಿರ. ಕದಿಯುವುದನ್ನು ಬಿಟ್ಟವನು ಗುರು, ಸಿಂಹಾಸನ ಬಿಟ್ಟವನು ಶಿಷ್ಯ ಎಂದು ಪಂಥ ನೆನಪಿಟ್ಟುಕೊಂಡಿತು.

ಈ ನೆನಪು ಕನ್ನಡ ನಾಡಿಗೆ ಬಂದದ್ದು ಕ್ರಿ.ಶ. 1400ರ ಸುಮಾರಿಗೆ. ತೈಮೂರನ ದಾಳಿಯ ಹೊಸ್ತಿಲಲ್ಲಿ, 1398ರಲ್ಲಿ, ದೆಹಲಿ ಬಿಟ್ಟ ಗೇಸುದರಾಜರು ಫಿರೋಜ್ ಶಾ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿದರು. 1422ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಪರಂಪರೆಯ ಒಂದು ಕವಲು ಮುಂದೆ ಬಿಜಾಪುರದಲ್ಲಿ ಮೀರಾಂಜಿ ಶಂಸುಲ್ ಉಶ್ಶಾಕ್, ಬುರ್ಹಾನುದ್ದೀನ್ ಜಾನಂ, ಅಮೀನುದ್ದೀನ್ ಅಲಾ ಅವರ ಮೂಲಕ ಬೆಳೆಯಿತು. ರಾಯಬಾಗ ಸೀಮೆಯೂ ಅದೇ ಆದಿಲಶಾಹಿ ನೆಳಲಿನಲ್ಲಿತ್ತು.

ಗೇಸುದರಾಜರು ಬರುವ ಕೆಲವೇ ದಶಕಗಳ ಹಿಂದೆ ಅದೇ ಕಲಬುರಗಿ ಕಳ್ಳರ ವಿಷಯದಲ್ಲಿ ಬೇರೆಯೇ ದೃಶ್ಯ ಕಂಡಿತ್ತು. 1358ರಿಂದ 1375ರವರೆಗೆ ಆಳಿದ ಒಂದನೆಯ ಮುಹಮ್ಮದ್ ಶಾ ಬಹಮನಿ ದಖ್ಖನಿನ ದಾರಿಗಳ್ಳರನ್ನು ನಿರ್ಮೂಲ ಮಾಡಲು ತನ್ನ ಅಧಿಕಾರಿಗಳಿಗೆ ಆಜ್ಞಾಪಿಸಿದ. ಸಾವಿರಾರು ತಲೆಗಳು ರಾಜಧಾನಿಗೆ ಬಂದು ಊರ ಹೊರಗೆ ರಾಶಿಬಿದ್ದವೆಂದು ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫಿರಿಶ್ತಾ ದಾಖಲಿಸಿದ್ದಾನೆ. ದಾರಿಗಳು ನಿರ್ಭಯವಾದವು, ವ್ಯಾಪಾರ ಹಸನಾಯಿತು. ಅರಸನ ದೃಷ್ಟಿಯಿಂದ ಅದು ಯಶಸ್ಸೇ. ದೋಚಿಸಿಕೊಂಡ ವರ್ತಕನಿಗೂ ಅದು ನೆಮ್ಮದಿ ತಂದಿರಬೇಕು. ಆದರೆ ಆ ರಾಶಿಯಲ್ಲಿದ್ದವರ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ. ಹೆಸರೂ ಉಳಿಯಲಿಲ್ಲ. ಅವರು ಕಸಿದದ್ದು ಒಡೆಯರಿಗೆ ಮರಳಲೂ ಇಲ್ಲ.

ಕಡಿದ ತಲೆ ಭಯ ಹುಟ್ಟಿಸಬಲ್ಲದು, ಋಣ ತೀರಿಸಲಾರದು. ಹಾಗೆಂದು ಪಶ್ಚಾತ್ತಾಪದ ಕಣ್ಣೀರಷ್ಟೇ ಸಾಕೆಂದು ಫುಜೈಲನ ಚರಿತ್ರೆಯೂ ಹೇಳುವುದಿಲ್ಲ. ಪಟ್ಟಿ ಹಿಡಿದು ಮನೆ ಮನೆಯ ಬಾಗಿಲಿಗೆ ಹೋಗಿ, ಮರಳು ಹೊತ್ತು, ಬೈಗುಳ ತಿಂದು, ಲೆಕ್ಕ ತೀರಿಸಿದ ಮೇಲಷ್ಟೇ ಆ ಕಳ್ಳ ಮಕ್ಕಾದ ದಾರಿ ಹಿಡಿದ. ಸಾವಿರದ ಇನ್ನೂರು ವರ್ಷಗಳ ನಂತರವೂ ಕಲಬುರಗಿಯ ಗುರುಪರಂಪರೆಯ ಪಟ್ಟಿಯಲ್ಲಿ ಅವನ ಹೆಸರು ಐದನೆಯ ಸ್ಥಾನದಲ್ಲಿದೆ.